ಒಂದು ಫುಲ್‌ಸ್ಟಾಪಿನ ಪರಿಷ್ಕರಣೆ

ನಮ್ಮ ಕಾಲೇಜಿನ ಮೂಡಲ್, ಅಂದರೆ ಪಾಠ, ನೋಟ್ಸ್ ಎಲ್ಲ ಆನ್‌ಲೈನಿನಲ್ಲಿ ಇಡುವ ತಂತ್ರಾಂಶ, ಕೊನೆಗೂ ಅಪ್‌ಗ್ರೇಡ್ ಆಯಿತು. ಇಷ್ಟು ವರ್ಷ 1.9 ಆವೃತ್ತಿಯಲ್ಲೇ ಕಂಬಳಿ ಹೊದ್ದು ಮಲಗಿತ್ತು. 2.0 ಬಂದದ್ದು 2010ರ ನವೆಂಬರಿನಲ್ಲಿ. ಆ ಸುದ್ದಿ ನಮ್ಮ ಕಾಂಪೌಂಡ್ ದಾಟಿ ಒಳಗೆ ಬರಲು ಸ್ವಲ್ಪ ತಡವಾಯಿತು, ಅಷ್ಟೇ. ಹಳೇ ಸರ್ವರ್ ಒಂದು ದಿನ ಗೊರಗೊರ ಅಂದಾಗ ಪ್ರಿನ್ಸಿಪಾಲರು ಸಮಿತಿ ಮಾಡಿದರು. ಸಮಿತಿಯಲ್ಲಿ ಏಳು ಜನ. ಕೆಲಸ ಮಾಡಿದ್ದು ಲ್ಯಾಬಿನ ಹುಡುಗ ಒಬ್ಬನೇ. ಅವನು ಸಮಿತಿಯಲ್ಲಿರಲಿಲ್ಲ.

1.9ರಿಂದ ಇವತ್ತಿನ ಆವೃತ್ತಿಗೆ ನೇರ ಬಸ್ಸಿಲ್ಲ. ಮೊದಲು 2.2ರಲ್ಲಿ ಇಳಿದು, ಅಲ್ಲಿಂದ ಬೇರೆ ಬಸ್ ಹಿಡಿಯಬೇಕು. 'ಹೊಸದು ಹಾಕೋದಕ್ಕೆ ಮತ್ತೆ ಹಳೇದನ್ನೇ ಯಾಕ್ರೀ ಹಾಕಬೇಕು?' ಎಂಬ ಚರ್ಚೆಯಲ್ಲೇ ಮೂರು ಸಭೆ ಕಳೆಯಿತು. ಬೋಂಡ ಚೆನ್ನಾಗಿತ್ತು.

ಹಳೇ ಮೂಡಲ್‌ನಲ್ಲಿ ಪ್ರತಿ ಕೋರ್ಸಿಗೂ ಫೈಲ್ ಎಸೆಯಲು ಒಂದು ಜಾಗವಿತ್ತು. ಮನೆಯ ಅಟ್ಟದ ಹಾಗೆ. ಅಪ್‌ಗ್ರೇಡ್ ಆದ ಮೇಲೆ ಆ ಅಟ್ಟಕ್ಕೆ 'ಲೆಗಸಿ ಕೋರ್ಸ್ ಫೈಲ್ಸ್' ಎಂದು ಹೆಸರು. ಲೆಗಸಿ ಅಂದರೆ ಪಿತ್ರಾರ್ಜಿತ ಎಂದು ಇಂಗ್ಲಿಷ್ ಮೇಡಂ ಹೇಳಿದ್ದೇ ತಡ, ಎಲ್ಲರಿಗೂ ತಮ್ಮ ಪಾಲು ನೆನಪಾಯಿತು. ಒಂದು ಫೈಲನ್ನೂ ಅಳಿಸಕೂಡದು ಎಂದು ಠರಾವಾಯಿತು.

ನಾನೂ ಅಟ್ಟ ಹತ್ತಿ ನೋಡಿದೆ. 'ಯೂನಿಟ್ 1 ಫೈನಲ್', 'ಯೂನಿಟ್ 1 ಫೈನಲ್ ಹೊಸದು', 'ಯೂನಿಟ್ 1 ಇದೇ ಫೈನಲ್'. ಯಾರದೋ ಗೃಹಪ್ರವೇಶದ ಕಾರ್ಡು. ಜೀವಶಾಸ್ತ್ರದವರ ಒಂದು ಫ್ಲ್ಯಾಶ್ ಅನಿಮೇಶನ್, ಹೃದಯ ಹೇಗೆ ಬಡಿಯುತ್ತದೆ ಅಂತ. ಅದನ್ನು ಆಡಿಸುವ ಫ್ಲ್ಯಾಶ್ ತಂತ್ರಾಂಶ 2020ರ ಕೊನೆಗೆ ತೀರಿಕೊಂಡಿತಲ್ಲ, ಆ ಹೃದಯವೂ ಆವತ್ತೇ ನಿಂತಿದೆ. ಕನ್ನಡ ವಿಭಾಗದ ನೋಟ್ಸ್ ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿತ್ತು. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದೊಂದು 'ನ'ಕಾರದ ಜಾಗದಲ್ಲೂ ಬ್ರಿಟಿಷರ ಪೌಂಡ್ ಗುರುತು! ವಚನ ಸಾಹಿತ್ಯದ ಪಾಠ ಲಂಡನ್ನಿನ ಅಂಗಡಿ ಬಿಲ್ಲಿನ ಹಾಗೆ ಕಾಣುತ್ತಿತ್ತು. ಅದನ್ನೂ ಹಾಗೇ ಸಾಗಿಸಿದೆವು. ಪಿತ್ರಾರ್ಜಿತ ಅಲ್ವಾ.

ಗಲಾಟೆ ಶುರುವಾದದ್ದು ಸಾಗಣೆ ಮುಗಿದ ಮೇಲೆ. ಡಿಸ್ಕ್ ನೋಡಿದರೆ ಫೈಲುಗಳು ಹಿಡಿದಿರುವ ಜಾಗ ಮೊದಲಿನ ಅರ್ಧವೂ ಇಲ್ಲ. 'ಅಯ್ಯೋ, ಅರ್ಧ ಕಾಲೇಜೇ ಹೋಯ್ತಲ್ರೀ!' ಅಂದರು ಪ್ರಿನ್ಸಿಪಾಲರು. ಹುಡುಗನನ್ನು ಕರೆಸಿದರು.

'ಏನೂ ಹೋಗಿಲ್ಲ ಸರ್. ಹೊಸ ಮೂಡಲ್ ಫೈಲಿನ ಹೆಸರು ನೋಡಲ್ಲ, ಒಳಗೇನಿದೆ ನೋಡತ್ತೆ. ಅದರಿಂದ 40 ಅಕ್ಷರದ ಒಂದು ಹ್ಯಾಶ್ ಮಾಡತ್ತೆ, ಫೈಲಿನ ಬೆರಳಚ್ಚು ಇದ್ದ ಹಾಗೆ. ಎರಡು ಫೈಲಿನ ಹ್ಯಾಶ್ ಒಂದೇ ಆದ್ರೆ ಡಿಸ್ಕಿನಲ್ಲಿ ಒಂದೇ ಪ್ರತಿ ಇಟ್ಕೊಳ್ಳತ್ತೆ. ಲಿಸ್ಟಲ್ಲಿ ಎರಡೂ ಕಾಣತ್ತೆ.'

'ಅಂದ್ರೆ?'

'ಅಂದ್ರೆ ಸರ್, 2011ರ ನೋಟ್ಸು, 2014ರ ಪರಿಷ್ಕೃತ ನೋಟ್ಸು, 2019ರ ಹೊಸ ಸಿಲಬಸ್ ನೋಟ್ಸು, ಎಲ್ಲಾ ಒಂದೇ ಅಂತಿದೆ.'

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಅರ್ಥಶಾಸ್ತ್ರದವರು ಕನ್ನಡಕ ತೆಗೆದು ಒರೆಸಿದರು. ನಾನು ಕಿಟಕಿಯಾಚೆಯ ತೆಂಗಿನಮರ ನೋಡಿದೆ, ಯಾಕೆಂದರೆ ಆ ಮೂರೂ ನೋಟ್ಸ್ ನನ್ನವು. ಇಷ್ಟು ವರ್ಷ ವಿದ್ಯಾರ್ಥಿಗಳಿಗೂ ಗೊತ್ತಾಗದ, ಗೊತ್ತಾದರೂ ಅವರು ಬಾಯಿ ಬಿಡದ ಗುಟ್ಟನ್ನು ಈ ಮೂಡಲ್ ಒಂದೇ ರಾತ್ರಿಯಲ್ಲಿ ಹಿಡಿದುಬಿಟ್ಟಿತ್ತು.

ಪ್ರಿನ್ಸಿಪಾಲರ ಚಿಂತೆ ಬೇರೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದು ಇಷ್ಟು ಇ-ಕಂಟೆಂಟ್‌ಗೆ ಡಿಸ್ಕಿನಲ್ಲಿ ಇಷ್ಟೇ ಜಾಗವೇ ಅಂದರೆ? ಮೂಡಲ್‌ಗೆ ಈ ಬುದ್ಧಿ ಬಿಡಿಸಲು ಆಗುತ್ತಾ ಎಂದು ಕೇಳಿದರು. ಆಗಲ್ಲ ಅಂದ ಹುಡುಗ. 'ಒಂದೇ ಒಂದು ಅಕ್ಷರ ಬದಲಾದ್ರೂ ಹ್ಯಾಶ್ ಬೇರೆ ಆಗತ್ತೆ ಸರ್, ಆಗ ಬೇರೆ ಫೈಲ್ ಅಂತ ಇಟ್ಕೊಳ್ಳತ್ತೆ' ಎಂದು ಬಾಯ್ತಪ್ಪಿ ಹೇಳಿಬಿಟ್ಟ.

ಸಂಜೆಯೊಳಗೆ ಸುತ್ತೋಲೆ ಬಂತು. ಎಲ್ಲ ಅಧ್ಯಾಪಕರೂ ಶನಿವಾರದೊಳಗೆ ತಮ್ಮ ಪಾಠಗಳನ್ನು ಪರಿಷ್ಕರಿಸತಕ್ಕದ್ದು.

ನಾನು 2014ರ ನೋಟ್ಸಿನ ಕೊನೆಗೆ ಒಂದು ಫುಲ್‌ಸ್ಟಾಪ್ ಹಾಕಿದೆ. 2019ರದ್ದಕ್ಕೆ ಎರಡು. ಅರ್ಥಶಾಸ್ತ್ರದವರು ತಮ್ಮ ಹೆಸರಿನ ಮುಂದೆ 'ಡಾ.' ಸೇರಿಸಿದರಂತೆ, ಅಷ್ಟರಲ್ಲಿ ಪಿಎಚ್‌ಡಿ ಬಂದಿತ್ತಲ್ಲ. ಸೋಮವಾರ ಡಿಸ್ಕ್ ಮತ್ತೆ ತುಂಬಿತು. ಹೊಸ ಹಾರ್ಡ್ ಡಿಸ್ಕಿಗೆ ಕೊಟೇಶನ್ ಕರೆದಿದ್ದಾರೆ. ಅದಕ್ಕೊಂದು ಸಮಿತಿಯೂ ಆಗಿದೆ. ಈ ಸಲ ನಾನೂ ಇದ್ದೇನೆ.