ಅದಕ್ಕೂ ಮೊದಲ

ಗುರುತ್ವವನ್ನು ವಿವರಿಸುವ ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಓದಲು ಹೊರಟವನಿಗೆ ಆ ಸಿದ್ಧಾಂತ ಕಷ್ಟವಾಗಬೇಕು. ನನಗೆ ಅಲ್ಲಿಯವರೆಗೆ ತಲುಪುವ ಭಾಗ್ಯವೇ ಒದಗಿಲ್ಲ, ಏಕೆಂದರೆ ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಓಣಿಯಲ್ಲಿ ನಿವೃತ್ತ ಗಣಿತ ಮಾಸ್ತರರೊಬ್ಬರಿದ್ದಾರೆ.

ಅವರ ವಿದ್ಯೆಯ ಬಗ್ಗೆ ನನ್ನ ತಕರಾರಿಲ್ಲ. ಆ ಸಿದ್ಧಾಂತದ ಗಣಿತದಲ್ಲಿ ಬರುವ ಟೆನ್ಸರ್ ಎಂದರೇನೆಂದು ಕೇಳಿದರೆ, "ತಮ್ಮಾ, ಅದಕ್ಕೂ ಮೊದಲ ಲೀನಿಯರ್ ಆಲ್ಜೀಬ್ರಾ ಆಗಬೇಕಲಾ?" ಎನ್ನುತ್ತಾರೆ, ಮ್ಯಾಟ್ರಿಕ್ಸ್‌ಗಳೊಡನೆ ಗುದ್ದಾಡಿ ಮರಳಿ ಹೋದರೆ ಕ್ಯಾಲ್ಕುಲಸ್‌ಗೂ, ಅದನ್ನು ಮುಗಿಸಿ ಹೋದರೆ ತ್ರಿಕೋನಮಿತಿಗೂ ಇಳಿಸುತ್ತಾರೆ. ಇಂದು ಬೆಳಿಗ್ಗೆ ಧೈರ್ಯ ಮಾಡಿ, ಅದೇ ಗಣಿತದ ಕ್ರಿಸ್ಟೋಫೆಲ್ ಚಿಹ್ನೆಗೆ ಮೇಲೊಂದು, ಕೆಳಗೆರಡು ಅಕ್ಷರಗಳೇಕೆ ಎಂದು ಕೇಳಿದೆ. ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, ಅಡಕೊತ್ತನ್ನು ಪಕ್ಕಕ್ಕಿಟ್ಟು, "ಹದಿನೇಳರ ಮಗ್ಗಿ ಅನ್ನು, ನೋಡೂಣು" ಎಂದರು.

ಐವತ್ತು ದಾಟಿದ, ಬ್ಯಾಂಕಿನಲ್ಲಿ ಮಂದಿಯ ಸಾಲಕ್ಕೆ ಬಡ್ಡಿ ಹಾಕುವ ನಾನು, ಹಾಲಿನವನೂ ಪಿಯುಸಿ ಓದುವ ನನ್ನ ಮಗಳೂ ನೋಡುತ್ತಿರುವಂತೆಯೇ ಅವರ ಕಟ್ಟೆಯ ಮೇಲೆ ಕುಳಿತು ಹದಿನೇಳೇಳಲೆ ನೂರಾ ಹತ್ತೊಂಬತ್ತು ಎನ್ನುತ್ತಿದ್ದೆ. ಹದಿನೇಳೆಂಟಲೆ ಎಂಬಲ್ಲಿ ಉಸಿರು ತೆಗೆದುಕೊಂಡದ್ದೇ ತಡ, "ತಡವರಿಸಿದಿ. ಮತ್ತ ಮೊದಲಿಂದ!" ಎಂದರು. ಹಾಲಿನವನು ಕ್ಯಾನ್ ಕೆಳಗಿಳಿಸಿ ನಿಂತೇಬಿಟ್ಟ.

ಐನ್‌ಸ್ಟೈನರಿಗೂ ಬೇಕಾದ ಗಣಿತವೆಲ್ಲ ಮೊದಲೇ ಬರುತ್ತಿರಲಿಲ್ಲ. 1912ರಲ್ಲಿ ಜ್ಯೂರಿಕ್‌ನಲ್ಲಿ ಅವರು ಹಳೆಯ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ನರ ಮೊರೆಹೋದಾಗ, ಆ ಗೆಳೆಯರು ಬಾಗಿದ ಮೇಲ್ಮೈಗಳನ್ನೂ ಅಳೆಯಬಲ್ಲ ರೀಮನ್ನರ ಜ್ಯಾಮಿತಿಯ ದಾರಿ ತೋರಿಸಿದರು. 1915ರ ನವೆಂಬರ್ ಹೊತ್ತಿಗೆ ಸಮೀಕರಣಗಳು ಸಿದ್ಧವಾದವು. ಗ್ರಾಸ್‌ಮನ್ನರು ಮಗ್ಗಿ ಕೇಳಿದ್ದರೆಂದು ನಾನು ಎಲ್ಲಿಯೂ ಓದಿಲ್ಲ.

ಬಿ.ಎಸ್ಸಿ.ಯಲ್ಲಿದ್ದಾಗ ನಮ್ಮ ಪ್ರಾಧ್ಯಾಪಕರು "ಇದು ಎಂ.ಎಸ್ಸಿ.ಗೆ ಬರುತ್ತದೆ" ಎಂದು ಇದೇ ವಿಷಯದ ಪುಟವನ್ನು ಮಗುಚಿದ್ದರು. ಅಷ್ಟರಲ್ಲಿ ಬ್ಯಾಂಕಿನ ಪರೀಕ್ಷೆ ಪಾಸಾಯಿತು, ಮನೆಗೆ ಸಂಬಳವೂ ಬೇಕಾಗಿತ್ತು. ಆ ಪುಟದಲ್ಲಿ ಏನಿತ್ತೆಂಬ ಕುತೂಹಲ ಮಾತ್ರ ಸಾಲ ತೀರದ ಖಾತೆಯಂತೆ ಇಂದಿಗೂ ಉಳಿದುಕೊಂಡಿದೆ.

ಗಣಿತ ಬೇಡ, ಕಥೆಯನ್ನಾದರೂ ಮಾತಾಡೋಣವೆಂದು, ಬುಧಗ್ರಹದ ಕಕ್ಷೆ ನ್ಯೂಟನ್ನರ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್ ಸೆಕೆಂಡ್ ಹೆಚ್ಚಾಗಿ ತಿರುಗುವುದನ್ನೂ, ಐನ್‌ಸ್ಟೈನರ ಸಿದ್ಧಾಂತ ಆ ಒಗಟನ್ನು ಬಿಡಿಸಿದ್ದನ್ನೂ ಹೇಳಿದೆ. ಮಾಸ್ತರರ ಕಣ್ಣು ಅರಳಿದವು.

"ಡಿಗ್ರಿಗೆ 3600 ಸೆಕೆಂಡ್. ಹಂಗಾದ್ರ ಈ ಹೆಚ್ಚಿಗೀದು ಒಂದು ಡಿಗ್ರಿ ಆಗ್ಲಿಕ್ಕೆ ಎಷ್ಟು ವರ್ಷ ಬೇಕು?"

"ಎಂಟು ಸಾವಿರದ ಮುನ್ನೂರು ಚಿಲ್ಲರೆ, ಸರ್."

"ಚಿಲ್ಲರೆ ಅಂದ್ರ?"

ನಾನು ಸುಮ್ಮನಿದ್ದೆ.

"ದಶಾಂಶ ಕಚ್ಚಾ ಅದ. ನಾಳಿಂದ ಅದನ್ನ ಹಿಡಿಯೂಣು" ಎಂದು ಅಡಕೊತ್ತನ್ನು ಕೈಗೆತ್ತಿಕೊಂಡರು.