ನೀವು ಇವರಿಗೆ ಏನಾಗಬೇಕು?

ಹೋದ ವರ್ಷ ಗೆಳತಿಯೊಬ್ಬಳ ಜೊತೆ ಆಸ್ಪತ್ರೆಯ ಕೌಂಟರ್ ಮುಂದೆ ನಿಂತಿದ್ದೆ. ಒಳಗೆ ಐಸಿಯುನಲ್ಲಿ ಅವಳ ಹುಡುಗ. ಮದುವೆಯಾಗಿರಲಿಲ್ಲ, ಏಳು ವರ್ಷದಿಂದ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿದ್ದರು. ಕೌಂಟರಿನವರು ಫಾರಂ ಮುಂದಿಟ್ಟು, "ಪೇಷಂಟಿಗೆ ನೀವು ಏನಾಗಬೇಕು ಮೇಡಂ?" ಅಂದರು. ಅವಳು ಪೆನ್ನು ಹಿಡಿದು ಸುಮ್ನೆ ನಿಂತಳು. ಕೊನೆಗೆ 'ಫ್ರೆಂಡ್' ಅಂತ ಬರೆದಳು. "ಮನೆಯವರು ಯಾರಾದರೂ ಬರಲಿ" ಅಂದರು.

ಅವನು ಉಳಿಯಲಿಲ್ಲ.

ಫ್ಲ್ಯಾಟ್ ಅವನೊಬ್ಬನ ಹೆಸರಿನಲ್ಲಿತ್ತು. ಲೋನ್ ತೆಗೆದುಕೊಳ್ಳುವಾಗ ಬ್ಯಾಂಕಿನವರು ಜೊತೆಗೆ ಸಹಿ ಹಾಕಲು ಹೆಂಡತಿ ಅಥವಾ ಅಪ್ಪ ಅಮ್ಮನೇ ಬೇಕು ಅಂದಿದ್ದರಂತೆ. ಆದರೂ ಇಎಂಐನ ಅರ್ಧ ಪ್ರತಿ ತಿಂಗಳು 5ನೇ ತಾರೀಖು ಅವಳ ಅಕೌಂಟಿನಿಂದ ಹೋಗುತ್ತಿತ್ತು. ಉಯಿಲು ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾಗದ ಮಗನ ಆಸ್ತಿಗೆ ಮೊದಲ ವಾರಸುದಾರಳು ತಾಯಿ. ಫ್ಲ್ಯಾಟ್ ಅವರಿಗೇ ಹೋಯಿತು. ಆ ತಾಯಿ ಕೆಟ್ಟವರೇನಲ್ಲ. ಮಗನನ್ನು ಕಳೆದುಕೊಂಡವರು. ಆದರೆ ನನ್ನ ಗೆಳತಿ ಎರಡು ಸೂಟ್‌ಕೇಸ್ ಹಿಡಿದು ಪಿಜಿಗೆ ಹೋದಳು.

ನನಗೆ ಮದುವೆಯಾಗಿ 14 ವರ್ಷ. ನಾವಿಬ್ಬರೂ ಒಂದು ಕಾಗದ ಬರೆದಿಟ್ಟಿಲ್ಲ. ಆದರೂ ನಾಳೆ ಏನಾದರೂ ಆದರೆ ನನ್ನ ಪಾಲು ತಾನಾಗಿ ಬರುತ್ತದೆ. ಅವರ ಪಿಂಚಣಿಯೂ ಬರುತ್ತದೆ. ನಾನು ಅವಳಿಗಿಂತ ಜಾಸ್ತಿ ಪ್ರೀತಿಸಿದೆನಾ? ಇಲ್ಲ. ನನ್ನ ಹತ್ತಿರ ಮದುವೆಯ ಸರ್ಟಿಫಿಕೇಟ್ ಇದೆ, ಅಷ್ಟೇ.

"ಇನ್ಶೂರೆನ್ಸಿಗೆ ನಾಮಿನಿ ಮಾಡಿದ್ದಾನೆ, ಇನ್ನೇನು ಭಯ" ಅನ್ನುವವರು ಸ್ವಲ್ಪ ಇಲ್ಲಿ ಕೇಳಿ. ವಿಮಾ ಕಾಯ್ದೆಯ 39ನೇ ಸೆಕ್ಷನ್‌ಗೆ 2015ರಲ್ಲಿ ತಿದ್ದುಪಡಿ ಬಂತು. ಹಣವನ್ನು ತನ್ನದಾಗಿ ಇಟ್ಟುಕೊಳ್ಳುವ ನಾಮಿನಿ ಅಂತ ಅದು ಹೇಳಿದ್ದು ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ಮಾತ್ರ. ಅದರಲ್ಲೂ ಗ್ಯಾರಂಟಿ ಇಲ್ಲ. 2025ರಲ್ಲಿ ನಮ್ಮ ಹೈಕೋರ್ಟು ತೀರ್ಪು ಕೊಟ್ಟ ಒಂದು ಕೇಸ್ ನೋಡಿ. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದವನು ಆಮೇಲೆ ಬದಲಾಯಿಸದೇ ತೀರಿಕೊಂಡ. ಕೋರ್ಟು ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಕೊಟ್ಟಿತು. ಹೆತ್ತ ತಾಯಿಯೇ ನಾಮಿನಿಯಾಗಿ ಹಂಚಿಕೊಳ್ಳಬೇಕಾದರೆ, 'ಫ್ರೆಂಡ್' ಅಂತ ಬರೆಸಿಕೊಂಡವಳ ಗತಿ ಏನು?

ಬದುಕಿದ್ದಾಗಲೂ ಇದೇ ಕಥೆ. ಗಂಡ ಹೆಂಡತಿಗೆ ಎಷ್ಟು ದುಡ್ಡು ಕೊಟ್ಟರೂ ಅದು ಗಿಫ್ಟ್, ಅವಳಿಗೆ ತೆರಿಗೆ ಇಲ್ಲ. ಜೊತೆಗಾರ ಕೊಟ್ಟ ಗಿಫ್ಟ್ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಹಣ ಪಡೆದವಳ ಆದಾಯ. ಹೆಂಡತಿಯ ಹೆಲ್ತ್ ಇನ್ಶೂರೆನ್ಸ್ ಕಂತಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತದೆ, ಜೊತೆಗಾರ್ತಿಯ ಕಂತಿಗೆ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಂಥ ಸಂಬಂಧವನ್ನೂ ಒಪ್ಪುತ್ತದೆ, ನಿಜ. ಅದು ಹೊಡೆತ ಬಡಿತದಿಂದ ಕಾಪಾಡುತ್ತದೆ, ಜೀವನಾಂಶವನ್ನೂ ಕೊಡಿಸಬಹುದು. ವಾರಸುದಾರಳನ್ನಾಗಿ ಮಾಡುವುದಿಲ್ಲ.

ಹಾಗಂತ ವಿಮೆಗೋಸ್ಕರ ಮದುವೆಯಾಗಿ ಅಂತ ನಾನು ಹೇಳಲ್ಲ. ತಾಳಿ ಬೇಡ ಅನ್ನುವುದು ಅವರವರ ಇಷ್ಟ. ಆದರೆ ತನ್ನ ದುಡ್ಡಿನಿಂದ ಕಂತು ಕಟ್ಟಿದವನು ಯಾರ ಹೆಸರು ಬರೆದರೂ ದುಡ್ಡು ಅವರಿಗೇ ಸೇರುವ ಹಾಗೆ ಕಾನೂನು ಬದಲಾಗಬೇಕು ಅಲ್ವಾ?

ಅಲ್ಲಿಯವರೆಗೆ, ಮದುವೆಯಿಲ್ಲದೆ ಒಟ್ಟಿಗಿರುವ ನನ್ನ ಗೆಳೆಯ ಗೆಳತಿಯರೇ, ದಯವಿಟ್ಟು ಬರೆದಿಡಿ. ಮನೆಗೆ ಇಬ್ಬರೂ ದುಡ್ಡು ಹಾಕಿದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಇಬ್ಬರೂ ಒಂದೊಂದು ಉಯಿಲು ಮಾಡಿ, ಇನ್ಶೂರೆನ್ಸ್ ಹಣ ಯಾರಿಗೆ ಅಂತಲೂ ಅದರಲ್ಲಿ ಸೇರಿಸಿ. ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬಿಳಿ ಹಾಳೆ ಸಾಕು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿ ಸಿಗದಿದ್ದರೆ ನನಗೆ ಫೋನ್ ಮಾಡಿ, ಭಾನುವಾರ ಬಂದು ಹಾಕಿ ಹೋಗುತ್ತೇನೆ.