ಆಟೋದಲ್ಲಿ ಹೋಗುವುದು

ಈ ಸಲದ ಮೊದಲ ಹಿಮ ಬಿದ್ದ ಬೆಳಿಗ್ಗೆ ಕೊಪ್ಪದಿಂದ ಅಮ್ಮ ಫೋನ್ ಮಾಡಿದ್ದಳು. "ಮೊಣಕಾಲುದ್ದ ಬಿದ್ದಿದೆ ಅಂತೀಯಲ್ಲ, ಆಫೀಸಿಗೆ ಹ್ಯಾಗೋ ಹೋಗ್ತೀಯ?" "ಏನೂ ತೊಂದರೆ ಇಲ್ಲಮ್ಮ, ಆಟೋದಲ್ಲಿ ಹೋಗ್ತೀನಿ" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಕೇಳಿದಳು: "ಅಲ್ಲೂ ಆಟೋ ಬಂತಾ? ಮೀಟರ್ ಹಾಕ್ತಾನಾ, ಇಲ್ಲ ಬೆಂಗಳೂರಿನವರ ಹಾಗೆ ಒಂದೂವರೆ ಕೇಳ್ತಾನಾ?"

ನಾನು ಹೇಳಿದ್ದು ನನ್ನ ಪಿಕಪ್ಪಿನ ಸ್ಟಿಯರಿಂಗಿನ ಎಡಗಡೆ ಇರುವ ಒಂದು ನಾಬಿನ ವಿಚಾರ. ಅಮೆರಿಕದ ಮಿಶಿಗನ್‌ಗೆ ಬಂದ ಎಷ್ಟೋ ವರ್ಷ ಸಣ್ಣ ಕಾರಿನಲ್ಲೇ ಕಾಲ ಕಳೆದವನು, ಹೋದ ವರ್ಷ ಜನರಲ್ ಮೋಟರ್ಸ್‌ನವರ ಸಿಲ್ವರಾಡೊ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಅದರ ನಾಬಿಗೆ ನಾಲ್ಕು ಮನೆ: ಟೂ ಹೈ, ಆಟೋ, ಫೋರ್ ಹೈ, ಫೋರ್ ಲೋ. ಮೊದಲನೆಯದರಲ್ಲಿ ಹಿಂದಿನ ಎರಡೇ ಚಕ್ರಕ್ಕೆ ದುಡಿಮೆ. ಮೂರನೆಯದರಲ್ಲಿ ನಾಲ್ಕೂ ಕಡ್ಡಾಯವಾಗಿ ಎಳೆಯಬೇಕು. ಕೊನೆಯದು ಹುಗಿದುಕೊಂಡವರಿಗೆ. ಎರಡನೆಯದು ಮಾತ್ರ ವಿಚಿತ್ರ. ಬೇಕೆನಿಸಿದಾಗ ಗಾಡಿಯೇ ಮುಂದಿನ ಚಕ್ರಗಳನ್ನು ಕರೆಯುತ್ತದೆ, ಬೇಡವೆನಿಸಿದಾಗ ಬಿಟ್ಟುಬಿಡುತ್ತದೆ, ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ. ಬರಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುವ ವಿಷಯದಲ್ಲಿ ಅಮ್ಮ ನೆನೆಸಿಕೊಂಡ ಆಟೋಗೂ ಇದಕ್ಕೂ ಅಂಥಾ ದೂರವೇನಿಲ್ಲ.

ಹಾಗಾದರೆ ಫೋರ್ ಹೈಯನ್ನೇ ಹಾಕಿಟ್ಟುಕೊಂಡು ನಿಶ್ಚಿಂತೆಯಾಗಿ ಇರಬಾರದೇಕೆ? ನಾನೂ ಹಾಗೇ ಅಂದುಕೊಂಡಿದ್ದೆ. ಒಣಗಿದ ಪಾರ್ಕಿಂಗ್ ಲಾಟಿನಲ್ಲಿ ಫೋರ್ ಹೈನಲ್ಲೇ ಪೂರ್ತಿ ತಿರುಗಿಸಿದ ದಿನ ಗಾಡಿ ಕುಂಟಿ, ಕುಪ್ಪಳಿಸಿ, ಒಳಗಿಂದ ನರಳಿತು. ಕಾರಣ ತಿಳಿಯಲು ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳನ್ನು ನೆನೆಸಿಕೊಂಡರೆ ಸಾಕು. ಮೇಟಿಯ ಪಕ್ಕದ್ದು ನಿಂತಲ್ಲೇ ತಿರುಗುತ್ತದೆ, ಹೊರಗಡೆಯದು ಓಡಬೇಕು. ತಿರುವಿನಲ್ಲಿ ಗಾಡಿಯ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಮುಂದು ಹಿಂದನ್ನು ಬಿಗಿದು ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಯಾವುದೋ ಒಂದು ಉಜ್ಜಿಕೊಂಡು ಬರಲೇಬೇಕು. ಹಿಮದ ಮೇಲಾದರೆ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಆ ಜಗಳವೆಲ್ಲ ಗೇರು, ಚೈನು, ಶಾಫ್ಟುಗಳ ಮೈಮೇಲೆ ಬರುತ್ತದೆ.

ಆಟೋ ಇರುವುದು ಈ ಜಗಳ ಬಿಡಿಸಲಿಕ್ಕೆ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಬಿಲ್ಲೆಗಳ ಒಂದು ಅಡುಕು. ಸಾಧಾರಣವಾಗಿ ಅವು ಒಂದರ ಮೇಲೊಂದು ಸಡಿಲವಾಗಿ ಜಾರುತ್ತಿರುತ್ತವೆ. ಹಿಂದಿನ ಚಕ್ರ ಮುಂದಿನದಕ್ಕಿಂತ ಜೋರಾಗಿ ತಿರುಗಿತೋ, ಅಂದರೆ ಜಾರಿತೋ, ಒಂದು ಸಣ್ಣ ಮೋಟರು ಆ ಬಿಲ್ಲೆಗಳನ್ನು ಒತ್ತಿ ಹಿಡಿದು ಶಕ್ತಿಯನ್ನು ಮುಂದಕ್ಕೂ ಕಳಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ. ಜನರಲ್ ಮೋಟರ್ಸ್‌ನವರು ಇದಕ್ಕೆ ಆಟೋಟ್ರ್ಯಾಕ್ ಎಂದು ಹೆಸರಿಟ್ಟರು. ಫೋರ್ಡ್‌ನ ಎಫ್-150ಯ ಕೆಲವು ಮಾದರಿಗಳಲ್ಲಿ ಇದನ್ನೇ ಫೋರ್-ಎ ಅನ್ನುತ್ತಾರೆ.

ನಮ್ಮ ಕಡೆಯ ರಸ್ತೆಗೆ ಇದು ಹೇಳಿ ಮಾಡಿಸಿದ್ದು. ಮಿಶಿಗನ್ ಸರೋವರದ ಮೇಲಿಂದ ಗಾಳಿ ತೇವ ಹೊತ್ತು ತಂದು ಗ್ರ್ಯಾಂಡ್ ರ್‍ಯಾಪಿಡ್ಸ್ ಸುತ್ತ ಹಿಮವಾಗಿ ಸುರಿಯುತ್ತದೆ. ಹಿಂದೆಯೇ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಲಾರಿಗಳು ಹೊರಡುತ್ತವೆ. (ಉಪ್ಪಿಗೆ ಈ ರಾಜ್ಯದಲ್ಲಿ ಬರವಿಲ್ಲ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಮೇಲೆ ಕಾರು ಮಾಡಿದರು, ಕೆಳಗೆ ಅದಕ್ಕೆ ತುಕ್ಕು ಹಿಡಿಸುವ ಸಾಮಾನು.) ಹೀಗಾಗಿ ಒಂದು ಮೈಲಿ ಒಣ ರಸ್ತೆ, ಸೇತುವೆ ಮೇಲೆ ಕಾಣದ ಮಂಜುಗಡ್ಡೆ, ಮರದ ನೆರಳಿನಲ್ಲಿ ಹಿಮ, ಮತ್ತೆ ಒಣ ರಸ್ತೆ. ಅಷ್ಟು ಸಲ ನಾಬ್ ತಿರುಗಿಸುತ್ತಾ ಕೂತರೆ ರಸ್ತೆ ನೋಡುವವರು ಯಾರು?

ಆದರೂ ಎದುರು ಮನೆಯ ಅಜ್ಜನಿಗೆ ಆಟೋ ಎಂದರೆ ತಾತ್ಸಾರ. "ನಾಲ್ಕು ಚಕ್ರ ಎಳೆದರೆ ಹೊರಡೋದು ಸುಲಭ. ನಿಲ್ಲಿಸೋಕೆ ಎಲ್ಲರಿಗೂ ಇರೋದು ಅದೇ ನಾಲ್ಕು ಬ್ರೇಕು" ಎನ್ನುತ್ತಾನೆ, ಮತ್ತು ಅದು ಖರೆ. ಅವನ ಮದ್ದು ಎರಡೇ: ಚಳಿಗಾಲದ ಟೈರು, ಹಿಂದಿನ ತೊಟ್ಟಿಯಲ್ಲಿ ಮರಳಿನ ಮೂಟೆ. ಪಿಕಪ್ಪಿನ ಹಿಂಭಾಗ ಖಾಲಿ ಇದ್ದಾಗ ಹಗುರ, ಚಕ್ರಕ್ಕೆ ನೆಲ ಸಿಕ್ಕುವುದಿಲ್ಲ. ನನಗೆ ಇದು ನಿಜವೆಂದು ಗೊತ್ತಾಗಿದ್ದು ನಾಲ್ಕು ಮನೆಗೆ ಸೇರಿಸಿ ಸೋನಾ ಮಸೂರಿ ತಂದ ಶನಿವಾರ. 20 ಪೌಂಡಿನ 16 ಚೀಲ ಹೊತ್ತ ಗಾಡಿ ಆನೆಯ ಹಾಗೆ ನಡೆಯಿತು. ಖುಷಿಯಾಗಿ, ಚೀಲಗಳನ್ನು ಇಳಿಸದೆ ಎರಡು ದಿನ ಹಾಗೇ ಓಡಾಡಿದೆ. ಮೂರನೇ ದಿನ ಉಳಿದ ಮೂರು ಮನೆಯವರಿಂದಲೂ ಹೆಂಡತಿಗೆ ಫೋನ್ ಬಂತು.

ಇಷ್ಟೆಲ್ಲ ತಿಳಿದ ಮೇಲೂ ನಾಬ್ ಆಟೋದಲ್ಲಿದ್ದರೆ ನನಗೆ ಏನೋ ಮುಜುಗರ. ಮುಂದಿನ ಆಕ್ಸಲು ಸುಮ್ಮನೆ ತಿರುಗುತ್ತಾ ಪೆಟ್ರೋಲು ತುಸು ಹೆಚ್ಚು ಕುಡಿಯುತ್ತದೆ ಎಂಬ ಜಿಪುಣತನ ಒಂದು ಪಾಲು. ಉಳಿದದ್ದು ದೊಡ್ಡಪ್ಪನ ಕೊಡುಗೆ. ಅವರದ್ದೊಂದು ಹಳೇ ಜೀಪಿತ್ತು. ಮಳೆಗಾಲದಲ್ಲಿ ಅಡಿಕೆ ತೋಟದಿಂದ ಮನೆಗೆ ಬರುವ ಏರಿನಲ್ಲಿ ಕೆಂಪು ಕೆಸರು. ಆ ಏರನ್ನು ಫ್ರಂಟ್ ಹಾಕದೇ, ಅಂದರೆ ಮುಂದಿನ ಚಕ್ರಗಳನ್ನು ದುಡಿಮೆಗೆ ಹಚ್ಚದೇ, ಹತ್ತುವುದು ದೊಡ್ಡಪ್ಪನ ಮರ್ಯಾದೆಯ ಪ್ರಶ್ನೆ. ಯಾಕೆಂದರೆ ಫ್ರಂಟ್ ಹಾಕಬೇಕಾದರೆ ಲಿವರ್ ಎಳೆದರಷ್ಟೇ ಆಗದು. ಕೆಸರಿಗಿಳಿದು, ಇಂಬಳ ಹತ್ತಿಸಿಕೊಂಡು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ, ಚಕ್ರವನ್ನು ಆಕ್ಸಲಿಗೆ ಜೋಡಿಸುವ ಹಬ್ಬನ್ನು ಕೈಯಾರೆ ತಿರುಗಿಸಿ ಲಾಕ್ ಮಾಡಬೇಕು. ಈ ಹಬ್ಬುಗಳ ಕಥೆಯೂ ಅಮೆರಿಕದ್ದೇ. ಎರಡನೇ ಮಹಾಯುದ್ಧ ಮುಗಿದು ಮಿಕ್ಕ ಜೀಪುಗಳು ರೈತರ ಕೈ ಸೇರಿದಾಗ, ರಸ್ತೆಯ ಮೇಲೆ ಮುಂದಿನ ಚಕ್ರಗಳು ಯಂತ್ರವನ್ನೆಲ್ಲ ಹೊತ್ತು ತಿರುಗದಿರಲೆಂದು 1948ರಲ್ಲಿ ಸಿಯಾಟಲ್ ಹತ್ತಿರ ಆರ್ಥರ್ ವಾರ್ನ್ ಎಂಬವರು ಇಂಥ ಹಬ್ಬುಗಳನ್ನು ಮಾಡಿ ಮಾರತೊಡಗಿದ್ದು. ಅವರಿಗೇನು ಗೊತ್ತು, ಕೊಪ್ಪದ ಕಡೆ ಅದು ಮಾನ ಹೋಗುವ ದಾರಿಯಾದೀತು ಎಂದು! ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಇಳಿದರೆಂದರೆ ಕೆಲಸದವರಿಂದ ಹಿಡಿದು ಪಕ್ಕದ ತೋಟದವರವರೆಗೆ ಎಲ್ಲರಿಗೂ ಕಾಣುತ್ತಿತ್ತು: ಇವತ್ತು ಜೀಪು ಸೋತಿತು.

ಜನವರಿಯ ಒಂದು ಬೆಳಿಗ್ಗೆ ಆ ರಕ್ತ ನನ್ನಲ್ಲೂ ಕುದಿಯಿತು. ಟೂ ಹೈನಲ್ಲೇ ಮನೆ ಮುಂದಿನ ಡ್ರೈವ್‌ವೇ ಹತ್ತಿಬಿಡುತ್ತೇನೆಂದು ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿ, ಗಾಡಿಯ ಬಾಲ ಗುಲಾಬಿ ಗಿಡದ ಕಡೆ ವಾಲಿತು. ಎದುರು ಮನೆಯ ಕಿಟಕಿಯಲ್ಲಿ ಅಜ್ಜ ಕಾಫಿ ಹಿಡಿದು ನಿಂತಿದ್ದ. ನಾನು ರಸ್ತೆ ನೋಡುತ್ತಲೇ ಎಡಗೈಯಲ್ಲಿ ನಾಬನ್ನು ಒಂದು ಮನೆ ಸರಿಸಿದೆ. ಕೆಳಗೆಲ್ಲೋ ಟಕ್ ಅಂದಿತು. ಮುಂದಿನ ಚಕ್ರಗಳು ಹಿಡಿದವು, ಗಾಡಿ ಏನೂ ಆಗದವರಂತೆ ಮೇಲೆ ಬಂತು. ಅಜ್ಜ ಕಿಟಕಿಯಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ಎರಡೇ ಚಕ್ರದಲ್ಲಿ ಹತ್ತಿದನೆಂದುಕೊಂಡಿರಬೇಕು. ನಾನೂ ಕೈ ಬೀಸಿದೆ.

ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಿಲ್ಲೆ, ಮೋಟರು ಯಾವುದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಂದ್ರೆ ಕೆಳಗೆ ಇಳೀಲಿಕ್ಕೇ ಇಲ್ಲ?"

"ಇಲ್ಲ ದೊಡ್ಡಪ್ಪ."

"ಫ್ರಂಟ್ ಹಾಕಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ?"

"ಯಾರಿಗೂ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಣ್ಯವಂತ ಮಾರಾಯ ನೀನು" ಅಂದರು.